ಇನ್ನಷ್ಟು ಬಡಿಸಿ ಎಂದು ಕೇಳಲಾರದ ಅತಿಥಿ

ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ವಿದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳಿಂದ ವರ್ಷಕ್ಕೆ ನಾಲ್ಕೈದು ಸಲ ಈ ಮಾತು ಕೇಳುತ್ತೇನೆ: “ಊರಿಗೆ ಬಂದಾಗ ವೈದ್ಯರಿಗೆ ತೋರಿಸಿಕೊಳ್ಳುತ್ತೇನೆ.”

ಈಕೆ ಅಂಥವರಲ್ಲೊಬ್ಬರು. ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ಗೆ ಹೋಗಿ ಎರಡು ವರ್ಷ. ವಿಡಿಯೊ ಕರೆಯಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ಒಂಟಿತನಕ್ಕೆ, ನಿದ್ದೆಗೇಡಿಗೆ. ಮೂರನೆಯ ಭೇಟಿಯಲ್ಲಿ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದರು. ಅಲ್ಲಿನ ಮೆಟ್ಟಿಲುಗಳೇ ಏಣಿಯಷ್ಟು ಕಡಿದು, ಅದಕ್ಕೇ ಇರಬೇಕು ಎಂದೂ ಸೇರಿಸಿದರು. ಮುಟ್ಟಿನ ಬಗ್ಗೆ ಕೇಳಿದೆ.

“ಎಂಟು ದಿನ. ಗಂಟೆಗೊಂದು ಪ್ಯಾಡ್. ರಾತ್ರಿ ಹಳೆಯ ಟವೆಲ್ ಹಾಸಿಕೊಂಡು ಮಲಗುತ್ತೇನೆ.”

“ವೈದ್ಯರಿಗೆ ಹೇಳಿದಿರಾ?”

“ಸುಸ್ತು, ಹೊಟ್ಟೆನೋವು ಎಂದೆ. ಪ್ಯಾರಸಿಟಮಾಲ್ ತೆಗೆದುಕೊಳ್ಳಿ, ಕಡಿಮೆಯಾಗದಿದ್ದರೆ ಬನ್ನಿ ಎಂದರು. ಮತ್ತೆ ಹೋಗಲಿಲ್ಲ. ಬೇರೆಯವರ ದೇಶ, ಮೇಡಂ. ಅತಿಥಿ ಬಡಿಸಿದ್ದನ್ನು ಉಣ್ಣಬೇಕು. ಇನ್ನಷ್ಟು ಬಡಿಸಿ ಎನ್ನಬಾರದು.”

ನಾನು ತುಸು ಗಟ್ಟಿಯಾಗಿಯೇ ಉತ್ತರಿಸಿದೆ. ತಿಂಗಳು ತಿಂಗಳು ವಿಮೆಯ ಕಂತು ಕಟ್ಟುವವರು ಅತಿಥಿ ಹೇಗಾಗುತ್ತಾರೆ? ಅಲ್ಲಿ ‘ಹೌಸ್‌ಆರ್ಟ್ಸ್’ ಎಂಬ ಕುಟುಂಬ ವೈದ್ಯರ ಚೀಟಿಯ ಮೇಲೆಯೇ ತಜ್ಞರ ಬಳಿ ಹೋಗುವುದು. ಅವರು ಮತ್ತೆ ಬನ್ನಿ ಎಂದರೆ ಮತ್ತೆ ಹೋಗಲೇಬೇಕು. ಸಾಮಾನ್ಯ ಭೇಟಿ ಹತ್ತೇ ನಿಮಿಷ. ಬೆಳಿಗ್ಗೆಯೇ ಫೋನ್ ಮಾಡಿ ಇಪ್ಪತ್ತು ನಿಮಿಷ ಕೇಳಿ. ಪ್ಯಾಡಿನ ಲೆಕ್ಕ, ದಿನಗಳು, ಟವೆಲ್, ಎಲ್ಲವನ್ನೂ ಬರೆದುಕೊಂಡು ಹೋಗಿ ಓದಿ ಹೇಳಿ ಎಂದೆ. ಖರ್ಚಿನ ಅಂಜಿಕೆಯೂ ಅವರಿಗಿತ್ತು. ವಿಮೆಯಿದ್ದರೂ ವರ್ಷದ ಚಿಕಿತ್ಸೆಯ ಖರ್ಚಿನಲ್ಲಿ ಮೊದಲ 385 ಯೂರೊ ಕೈಯಿಂದ ಹೋಗುವುದು ನಿಜ. ರಕ್ತಪರೀಕ್ಷೆ ಆ ಲೆಕ್ಕಕ್ಕೆ ಸೇರುತ್ತದೆ, ಕುಟುಂಬ ವೈದ್ಯರ ಭೇಟಿ ಸೇರುವುದಿಲ್ಲ.

ಆಪ್ತಸಲಹೆಗಾರ್ತಿ ವೈದ್ಯಕೀಯಕ್ಕೆ ಕೈ ಹಾಕಬಹುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಔಷಧ ಹೇಳಲಿಲ್ಲ. ಬಾಯಿ ಕಟ್ಟಿದವರಿಗೆ ಮಾತು ಹೊಂದಿಸಿಕೊಡುವುದು ನನ್ನ ಕೆಲಸವೇ. ಬೆಂಗಳೂರಿಗೆ ಬಂದುಬಿಡಿ ಎನ್ನುವುದು ಸುಲಭವಿತ್ತು. ಒಂದೇ ದಿನದಲ್ಲಿ ಸ್ಕ್ಯಾನ್, ತಜ್ಞರು ಎಲ್ಲ ಸಿಗುತ್ತಾರೆ. ಆದರೆ ಅವರ ಟಿಕೆಟ್ ಇದ್ದದ್ದು ಐದು ತಿಂಗಳ ನಂತರಕ್ಕೆ. ಮೂರು ವಾರದ ರಜೆ ಮುಗಿಸಿ ಮರಳಿದ ಮೇಲೆ ಅವರನ್ನು ನೋಡಬೇಕಾದವರು ಅದೇ ಹೌಸ್‌ಆರ್ಟ್ಸ್ ತಾನೇ?

ನಾಲ್ಕನೆಯ ದಿನ ಸಂದೇಶ ಬಂತು: “ಹಿಮೋಗ್ಲೋಬಿನ್ 4.8.” ನನ್ನ ಕೈ ತಣ್ಣಗಾಯಿತು. ಆಮೇಲೆ ತಿಳಿಯಿತು, ಅಲ್ಲಿನ ಅಳತೆ ಮಿಲಿಮೋಲ್ ಎಂಬ ಬೇರೆ ಮಾನದಲ್ಲಿ. ನಮ್ಮ ಗ್ರಾಂ ಲೆಕ್ಕಕ್ಕೆ ಸುಮಾರು 7.7. ಕನಿಷ್ಠ 12 ಇರಬೇಕಾದಲ್ಲಿ ಅಷ್ಟು. ಕಬ್ಬಿಣಾಂಶದ ಚಿಕಿತ್ಸೆ ಶುರುವಾಗಿತ್ತು, ಸ್ತ್ರೀರೋಗ ತಜ್ಞರಿಗೆ ಚೀಟಿಯೂ ಸಿಕ್ಕಿತ್ತು. ಕೆಳಗೆ ಇನ್ನೊಂದು ಸಾಲು: “ಟವೆಲಿನ ವಿಷಯ ಓದುವಾಗ ವೈದ್ಯರು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.”