ಎಲುಬು ಮುರಿದಾಗ: ಮೊದಲ ತಾಸಿನ ಬೆಲೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ವಿಜಯಪುರದ ನಮ್ಮ ತುರ್ತು ವಿಭಾಗಕ್ಕೆ ಕಾಲು ಮುರಿದುಕೊಂಡು ಬರುವವರು ಹೆಚ್ಚುತ್ತಾರೆ. ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ಈ ಸಲದ ಬಹುತೇಕ ಪತ್ರಗಳಲ್ಲಿ ಒಂದೇ ಕೊರಗು: ಇನ್ನಷ್ಟು ದುಡ್ಡು ಸುರಿದಿದ್ದರೆ ಎಲುಬು ಚೆನ್ನಾಗಿ ಕೂಡುತ್ತಿತ್ತೇನೋ ಎಂದು. ಈಚಿನ ವರ್ಷಗಳಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಅಧ್ಯಯನಗಳು ಈ ಕೊರಗಿಗೆ ಬಹುಮಟ್ಟಿಗೆ ಉತ್ತರ ಕೊಟ್ಟಿವೆ. ಅವನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ರಾತ್ರಿ ಮುಧೋಳದಿಂದ ಬರುವಾಗ ರಸ್ತೆ ಬದಿಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಬೈಕ್ ಗುದ್ದಿತು. ಮೊಣಕಾಲ ಕೆಳಗಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಮೊದಲು ಹೋದ ಆಸ್ಪತ್ರೆಯವರು ಪಟ್ಟಿ ಸುತ್ತಿ ಮುಂದಕ್ಕೆ ಕಳಿಸಿದರು. ಎರಡನೆಯದರಲ್ಲಿ ಹಾಸಿಗೆ ಇರಲಿಲ್ಲ. ಮೂರನೆಯದನ್ನು ಸೇರುವಾಗ ಆರು ತಾಸು ಕಳೆದಿತ್ತು. ಅಲ್ಲಿ ಬರೀ ಸಲೈನಿನಿಂದ ಗಾಯ ತೊಳೆದು, ಕಾಲಿನ ಹೊರಗಿನಿಂದ ರಾಡು ಕೂರಿಸಿದರು. ಆಮೇಲೆ ಕೀವಾಯಿತು. ಒಳ್ಳೆಯ ಔಷಧಿಯಿಂದ ತೊಳೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬೀಗರು ಹೇಳುತ್ತಿದ್ದಾರೆ. ನಿಜವೇ? (ಜಮಖಂಡಿ)

ಉತ್ತರ: ಸಲೈನಿನ ಮೇಲೆ ತಪ್ಪು ಹೊರಿಸಬೇಡಿ. ಎಲುಬು ಹೊರಬಂದ ಗಾಯವನ್ನು ಯಾವುದರಿಂದ ತೊಳೆಯಬೇಕು ಎಂಬುದನ್ನೇ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ ಐದು ದೇಶಗಳ 2,447 ಗಾಯಾಳುಗಳು ಅದರಲ್ಲಿದ್ದರು. ಕೆಲವರ ಗಾಯವನ್ನು ಸಾಬೂನಿನ ದ್ರಾವಣದಿಂದ, ಉಳಿದವರದನ್ನು ಸಾದಾ ಸಲೈನಿನಿಂದ ತೊಳೆದರು. ಸಾಬೂನಿನ ಗುಂಪಿನಲ್ಲಿ ಶೇ 14.8 ಮಂದಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು, ಸಲೈನಿನ ಗುಂಪಿನಲ್ಲಿ ಶೇ 11.6 ಮಂದಿಗೆ. ಯಂತ್ರದಿಂದ ಜೋರಾಗಿ ನೀರು ಹಾಯಿಸಿದರೂ, ಎತ್ತರದಲ್ಲಿ ತೂಗುಹಾಕಿದ ಬಾಟಲಿಯಿಂದ ಮೆಲ್ಲಗೆ ಬಿಟ್ಟರೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಗ್ಗದ ಉಪ್ಪುನೀರೇ ಗೆದ್ದಿತು.

ತೊಳೆಯುವಾಗ ಮುಖ್ಯವಾಗುವುದು ಕಣ್ಣು ಮತ್ತು ತಾಳ್ಮೆ. ಹೊಲದ ಬದಿಯಲ್ಲಿ ಬಿದ್ದವರ ಗಾಯದೊಳಗೆ ಎರೆಮಣ್ಣು, ಪ್ಯಾಂಟಿನ ದಾರ, ಡಾಂಬರಿನ ಪುಡಿ ಎಲ್ಲವೂ ಇರುತ್ತವೆ. ಒಮ್ಮೆ ಎರಡನೇ ಸಲ ಗಾಯ ತೆರೆದಾಗ ಸ್ನಾಯುವಿನ ಪದರಗಳ ನಡುವೆ ಬೆರಳುದ್ದದ ರವದಿ (ಕಬ್ಬಿನ ಒಣಗಿದ ಗರಿ) ಚೂರು ಸಿಕ್ಕಿತ್ತು. ಸತ್ತ ಸ್ನಾಯುವನ್ನೂ ಕತ್ತರಿಸಿ ತೆಗೆಯಬೇಕು. ಚಿಮಟದಿಂದ ಚಿವುಟಿದರೆ ಜೀವಂತ ಸ್ನಾಯು ಮಿಡುಕುತ್ತದೆ, ಕೊಯ್ದರೆ ಕೆಂಪು ರಕ್ತ ಜಿನುಗುತ್ತದೆ. ಸತ್ತದ್ದು ಬಣ್ಣಗೆಟ್ಟು ಸುಮ್ಮನೆ ಬಿದ್ದಿರುತ್ತದೆ. ಅದನ್ನು ಒಳಗೆ ಬಿಟ್ಟರೆ ಕೀವಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ. ನಿಮ್ಮ ತಮ್ಮನಿಗೆ ಎರಡು ಮೂರು ಸಲ ಶಸ್ತ್ರಚಿಕಿತ್ಸೆ ಮಾಡಿದ್ದರೆ ಅದು ಹಣ ಕೀಳುವ ತಂತ್ರವೆಂದು ತಿಳಿಯಬೇಡಿ. ಯಾವ ಸ್ನಾಯು ಬದುಕುತ್ತದೆ ಎಂಬುದು ಕೆಲವೊಮ್ಮೆ ಎರಡು ದಿನ ಕಳೆದ ಮೇಲೆಯೇ ತಿಳಿಯುತ್ತದೆ. ಹೊರಗಿನ ರಾಡು ಕೂಡ ಅಲ್ಲಿಯವರೆಗೆ ಎಲುಬನ್ನು ಅಲುಗಾಡದಂತೆ ಹಿಡಿದಿಡುವ ಏರ್ಪಾಡು.

ನನ್ನನ್ನು ಕಾಡುತ್ತಿರುವುದು ನಿಮ್ಮ ಪತ್ರದ ಆ ಆರು ತಾಸು. ಇಂಥ ಗಾಯಕ್ಕೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಸಾಧ್ಯವಾದರೆ ಒಂದು ತಾಸಿನೊಳಗೆ ಬೀಳಬೇಕು. ಅದಕ್ಕೆ ಎಲುಬಿನ ಡಾಕ್ಟರೇ ಬೇಕೆಂದಿಲ್ಲ. ಒಂದು ಇಂಜೆಕ್ಷನ್, ಧನುರ್ವಾಯುವಿನ ಲಸಿಕೆ, ಗಾಯದ ಮೇಲೆ ಸಲೈನಿನಲ್ಲಿ ತೋಯಿಸಿದ ಶುದ್ಧ ಬಟ್ಟೆ, ಕಾಲಿಗೆ ಆಸರೆಯ ಪಟ್ಟಿ: ಇಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ನಿಮಿಷದಲ್ಲಿ ಮಾಡಬಹುದು. ಇದನ್ನು ಮಾಡದೆ ಬರೀ ಚೀಟಿ ಬರೆದು ಮುಂದಕ್ಕೆ ಕಳಿಸಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬಡ ಮತ್ತು ಮಧ್ಯಮ ಆದಾಯದ 18 ದೇಶಗಳ 31 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಅಧ್ಯಯನ 2020ರಲ್ಲಿ ಹೊರಬಂತು. ಎಲುಬು ಮುರಿದವರು ತಡವಾಗಿ ದಾಖಲಾಗಲು ಅತಿ ಸಾಮಾನ್ಯ ಕಾರಣ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವುದೇ ಎಂದು ಅದು ತೋರಿಸಿತು. ನಿಮ್ಮ ತಮ್ಮನಿಗಾದದ್ದೂ ಅದೇ. ಆ ವಿಳಂಬದಿಂದಲೇ ಕೀವಾಯಿತು ಎಂದು ಗಾಯ ನೋಡದೆ ನಾನು ಹೇಳಲಾರೆ. ಆದರೆ ಮೊದಲ ಆಸ್ಪತ್ರೆಯಲ್ಲೇ ಇಂಜೆಕ್ಷನ್ ಸಿಕ್ಕಿತ್ತೇ ಎಂದು ದಾಖಲೆಯಲ್ಲಿ ನೋಡಿ.

ಇನ್ನುಳಿದ ಓದುಗರಿಗೂ ಒಂದು ಮಾತು. 108ಕ್ಕೆ ಕರೆ ಮಾಡುವಾಗಲೇ ಎಲುಬು ಹೊರಗೆ ಕಾಣುತ್ತಿದೆ ಎಂದು ಹೇಳಿ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಪೊಲೀಸರು ಕೋರ್ಟಿಗೆ ಎಳೆದಾರೆಂದು ಹೆದರಿ ದಾರಿಹೋಕರು ಸುಮ್ಮನೆ ನಿಲ್ಲುವುದನ್ನು ಕಂಡಿದ್ದೇನೆ. ಗಾಯಾಳುವಿಗೆ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ, ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಕೈಯಲ್ಲಿ ಹಣವಿಲ್ಲವೆಂದು ಮನೆಯವರ ದಾರಿ ಕಾಯುತ್ತ ಕೂರಬೇಡಿ.

ಪ್ರಶ್ನೆ: ನಮ್ಮ ಅವ್ವನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿದೆ. ಬಿಪಿ ಇದೆ, ಸಕ್ಕರೆ ಕಾಯಿಲೆ ಇದೆ. ಈ ವಯಸ್ಸಿನಲ್ಲಿ ಕೊಯ್ಸುವುದು ಬೇಡ, ಕಾಲಿಗೆ ಭಾರ ಕಟ್ಟಿ ಮಲಗಿಸಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಐದು ದಿನವಾಯಿತು. ಏನು ಮಾಡಲಿ? (ಸಿಂದಗಿ)

ಉತ್ತರ: ಈ ಪತ್ರ ನನ್ನ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿಸಿದ್ದೇನೆ. ಬೇರೆಯವರಿಗಾಗಿ ಇಲ್ಲಿ ಬರೆಯುತ್ತೇನೆ.

ಈ ವಯಸ್ಸಿನವರನ್ನು ಮುರಿದ ಎಲುಬಿಗಿಂತ ಹಾಸಿಗೆಯೇ ಬೇಗ ಮುಗಿಸುತ್ತದೆ. ಆರೆಂಟು ವಾರ ಅಂಗಾತ ಮಲಗಿದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಶಸ್ತ್ರಚಿಕಿತ್ಸೆಯ ಗುರಿ ಓಡಿಸುವುದಲ್ಲ, ಮರುದಿನ ಎಬ್ಬಿಸಿ ಕೂರಿಸುವುದು. ‘ಈ ವಯಸ್ಸಿನಲ್ಲಿ ಯಾಕೆ’ ಎಂದು ಹಿರಿಯರು ಪ್ರೀತಿಯಿಂದಲೇ ಕೇಳುತ್ತಾರೆ. ಈ ವಯಸ್ಸಾದ್ದರಿಂದಲೇ ಬೇಕು ಎಂದು ಅವರಿಗೆ ಬಿಡಿಸಿ ಹೇಳಿ.

ಎಷ್ಟು ಬೇಗ ಮಾಡಬೇಕು ಎಂಬುದನ್ನು 17 ದೇಶಗಳ 2,970 ರೋಗಿಗಳಲ್ಲಿ ನೋಡಲಾಯಿತು. ಫಲಿತಾಂಶ ಬಂದದ್ದು 2020ರಲ್ಲಿ. ಮುರಿತ ಪತ್ತೆಯಾಗಿ ಸುಮಾರು ಆರು ತಾಸಿನಲ್ಲಿ ಶಸ್ತ್ರಚಿಕಿತ್ಸೆಯಾದವರಿಗೂ ಸುಮಾರು 24 ತಾಸಿನಲ್ಲಿ ಆದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿಭ್ರಮಣೆ ಕಡಿಮೆಯಿತ್ತು, ಅವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಬುದ್ಧಿಭ್ರಮಣೆ ಎಂದರೆ ಏನೆಂದು ಮನೆಯವರಿಗೆ ಕೂಡಲೇ ತಿಳಿಯುವುದಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿ ನಡುರಾತ್ರಿ ಎದ್ದು, ಎಮ್ಮೆ ಕೂಗುತ್ತಿದೆ, ಹಿಂಡಬೇಕು ಎನ್ನುತ್ತ ಮುರಿದ ಕಾಲಿನಲ್ಲೇ ಮಂಚದಿಂದ ಇಳಿಯಲು ಹೋಗಿದ್ದರು. ಎಮ್ಮೆ ಮಾರಿ ಹದಿನೈದು ವರ್ಷವಾಗಿತ್ತು ಎಂದು ಮಗ ಅಳುತ್ತಿದ್ದ. ಆ ಅಧ್ಯಯನದ ಲೆಕ್ಕದಲ್ಲಿ ದಿನಗಳಲ್ಲ, ತಾಸುಗಳೇ ಮುಖ್ಯವಾಗಿರುವಾಗ ಐದು ದಿನ ಬಹಳ ದೊಡ್ಡದು. ಬಿಪಿ, ಸಕ್ಕರೆ ಹತೋಟಿಗೆ ಬರಲಿ ಎಂದು ವಾರಗಟ್ಟಲೆ ಕಾಯುವ ರೂಢಿ ಬಿಡಬೇಕು. ಬಹುತೇಕರಲ್ಲಿ ಅವನ್ನು ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಗೆ ಸಾಕಾಗುವಷ್ಟು ಸರಿಪಡಿಸಬಹುದು.

ತೊಡೆಯೆಲುಬಿನ ಕತ್ತು ಮುರಿದಿದ್ದರೆ ಎಲುಬಿನ ಮೇಲ್ತುದಿಯ ಗುಂಡನ್ನು ತೆಗೆದು ಲೋಹದ ಗುಂಡು ಕೂರಿಸುತ್ತಾರೆ. ಅದಕ್ಕಿಂತ ಕೆಳಗೆ ಮುರಿದಿದ್ದರೆ ಎಲುಬಿನೊಳಗೆ ರಾಡು ಹಾಕುತ್ತಾರೆ. ಗುಂಡು ಕೂರಿಸುವಾಗ ಅದನ್ನು ಎಲುಬಿಗೆ ಭದ್ರವಾಗಿ ಹಿಡಿದಿಡುವ ಸಿಮೆಂಟ್ ಬೇಕೇ ಎಂದು ಕೆಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ 60 ದಾಟಿದ 1,225 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಮೆಂಟ್ ಹಾಕಿಸಿಕೊಂಡವರ ಜೀವನ ತುಸು ಹೆಚ್ಚು ಸುಗಮವಾಗಿತ್ತು, ಕೃತಕ ಗುಂಡಿನ ಸುತ್ತಲಿನ ಎಲುಬು ಮತ್ತೆ ಮುರಿದದ್ದೂ ಕಡಿಮೆ. ‘ಸಿಮೆಂಟ್ ಇಲ್ಲದ್ದು ಹೊಸ ಮಾದರಿ’ ಎಂಬ ಮಾತಿಗೆ ಮಾರುಹೋಗಬೇಡಿ.

ಹೊಲಿಗೆ ಬಿಚ್ಚಿದ ಮೇಲೆ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಜಾರಿ ಬಿದ್ದಷ್ಟಕ್ಕೆ ಮುರಿದ ಎಲುಬು ಮೊದಲೇ ಟೊಳ್ಳಾಗಿತ್ತು. 2007ರ ಅಧ್ಯಯನವೊಂದರಲ್ಲಿ, ಸೊಂಟದ ಮುರಿತದ ಶಸ್ತ್ರಚಿಕಿತ್ಸೆಯಾಗಿ 90 ದಿನಗಳೊಳಗೆ ಜೊಲೆಡ್ರೋನಿಕ್ ಆಸಿಡ್ ಎಂಬ ಔಷಧವನ್ನು ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡಲು ಶುರು ಮಾಡಿದವರಲ್ಲಿ ಮತ್ತೆ ಎಲುಬು ಮುರಿಯುವುದು ಶೇ 35ರಷ್ಟು ಕಡಿಮೆಯಾಯಿತು, ಸಾವುಗಳೂ ಕಡಿಮೆಯಾದವು. ಮೂತ್ರಪಿಂಡ ಸರಿಯಿದೆಯೇ, ವಿಟಮಿನ್ ಡಿ ಸಾಕಷ್ಟಿದೆಯೇ ಎಂದು ನೋಡಿಯೇ ಇದನ್ನು ಕೊಡಬೇಕು. ಅವ್ವನ ಡಾಕ್ಟರರನ್ನು ನೀವೇ ಕೇಳಿ.

ಪ್ರಶ್ನೆ: ನನಗೆ 61. ಕೈಯೂರಿ ಬಿದ್ದು ಮಣಿಕಟ್ಟು ಮುರಿದಿದೆ. ಒಬ್ಬರು ಪ್ಲಾಸ್ಟರ್ ಸಾಕೆಂದರು, ಇನ್ನೊಬ್ಬರು ಪ್ಲೇಟ್ ಬೇಕೆಂದರು. ಯಾರನ್ನು ನಂಬಲಿ? (ಗೋಕಾಕ)

ಉತ್ತರ: ಎಕ್ಸ್‌ರೇಯನ್ನು ನಂಬಿ. ಎಲುಬನ್ನು ಹೊರಗಿನಿಂದಲೇ ಎಳೆದು ಸರಿಯಾಗಿ ಕೂರಿಸಲು ಬಂದರೆ ಪ್ಲಾಸ್ಟರ್ ಸಾಕಾಗುವ ಸಾಧ್ಯತೆ ದೊಡ್ಡದು. ಬ್ರಿಟನ್ನಿನಲ್ಲಿ 500 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಚ್ಚುಕಟ್ಟಾಗಿ ಒತ್ತಿ ರೂಪಿಸಿದ ಪ್ಲಾಸ್ಟರ್, ಇನ್ನೊಂದಕ್ಕೆ ಮುರಿದ ಎಲುಬನ್ನು ಹಿಡಿದಿಡುವ ಲೋಹದ ತಂತಿ ಹಾಕಿದರು. ವರ್ಷದ ಕೊನೆಗೆ ಕೈಯ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ ಎಂದು 2022ರ ವರದಿ ಹೇಳಿತು. ಅದೇ ತಂಡ 2014ರಲ್ಲಿ ತಂತಿಯನ್ನೂ ಪ್ಲೇಟನ್ನೂ ಹೋಲಿಸಿದಾಗಲೂ ಫಲ ಸಮಸಮವಾಗಿತ್ತು. ಆದರೆ ಪ್ಲಾಸ್ಟರ್ ಗುಂಪಿನ ಎಂಟರಲ್ಲಿ ಒಬ್ಬರಿಗೆ ಮೊದಲ ಆರು ವಾರಗಳಲ್ಲಿ ಎಲುಬು ಸರಿದು ಶಸ್ತ್ರಚಿಕಿತ್ಸೆ ಬೇಕಾಯಿತು. ಆದ್ದರಿಂದ ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ನಾಪತ್ತೆಯಾಗಬೇಡಿ. ಮೊದಲ ಎರಡು ಮೂರು ವಾರ ವಾರಕ್ಕೊಮ್ಮೆ ಎಕ್ಸ್‌ರೇ ಆಗಲೇಬೇಕು. ಕೀಲಿನ ಮೇಲ್ಮೈಯೇ ಚೂರಾಗಿ, ಎಳೆದರೂ ಕೂಡದಿದ್ದರೆ ಪ್ಲೇಟ್ ಬೇಕೆಂದವರ ಮಾತು ಸರಿ. ರೊಟ್ಟಿ ಬಡಿಯುವ ಕೈ ಬಿಗಿಯಾಗದಿರಲು ಮೊದಲ ದಿನದಿಂದಲೇ ಬೆರಳುಗಳನ್ನು ಮಡಚಿ ಬಿಚ್ಚುತ್ತಿರಿ.

ಪ್ರಶ್ನೆ: ಏಳು ವರ್ಷದ ಮಗ ಬೇವಿನ ಗಿಡದಿಂದ ಬಿದ್ದ. ಮುಂಗೈ ಎಲುಬು ನೆಗ್ಗಿದೆ ಎಂದು ಹೇಳಿ ಡಾಕ್ಟರು ಬರೀ ಬಟ್ಟೆಯ ಪಟ್ಟಿ ಸುತ್ತಿ ಕಳಿಸಿದರು. ಅಸಡ್ಡೆ ಮಾಡಿದರೇ? (ಬಾದಾಮಿ)

ಉತ್ತರ: ಇಲ್ಲ. ಮಕ್ಕಳ ಎಲುಬು ಹಸಿ ಕಡ್ಡಿಯಂತೆ, ಎಷ್ಟೋ ಸಲ ಮುರಿಯದೆ ನೆಗ್ಗುತ್ತದೆ ಅಷ್ಟೇ. ಇಂಥ 965 ಮಕ್ಕಳ ಅಧ್ಯಯನದಲ್ಲಿ (2022) ಬಟ್ಟೆ ಪಟ್ಟಿ ಸುತ್ತಿದವರಿಗೂ ಗಟ್ಟಿ ಆಸರೆ ಕಟ್ಟಿದವರಿಗೂ ನೋವು ಒಂದೇ ಸಮನಾಗಿತ್ತು. ನಿಮ್ಮ ಡಾಕ್ಟರು ಓದಿಕೊಂಡಿರುವವರು.

ಪ್ರಶ್ನೆ: ಒಂಬತ್ತು ವರ್ಷದ ಮಗಳ ಮೊಣಕೈ ಮುರಿದಾಗ ಪಕ್ಕದ ಊರಿನ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿದೆವು. ನಮ್ಮ ಅಪ್ಪನ ಕಾಲೂ ಅವರ ತಂದೆಯ ಕೈಯಲ್ಲೇ ವಾಸಿಯಾಗಿತ್ತು. ಈಗ ಮಗಳ ಬೆರಳು ಒಳಕ್ಕೆ ಮಡಚಿಕೊಂಡಿವೆ. (ಸವದತ್ತಿ ತಾಲ್ಲೂಕು)

ಉತ್ತರ: ನಿಮ್ಮನ್ನು ಬೈಯುವುದಿಲ್ಲ. ಸರಿಯದೆ ಬರೀ ಬಿರುಕು ಬಿಟ್ಟ ಎಲುಬು ಯಾರು ಕಟ್ಟಿದರೂ ಕೂಡುತ್ತದೆ, ಕಟ್ಟದಿದ್ದರೂ ಕೂಡುತ್ತದೆ. ಅಪ್ಪನ ಕಾಲು ಅಂಥದ್ದಾಗಿರಬಹುದು. ಮಕ್ಕಳ ಮೊಣಕೈ ಮೇಲಿನ ಮುರಿತ ಬೇರೆಯೇ. ಅಲ್ಲಿ ಮುಖ್ಯ ರಕ್ತನಾಳ ಎಲುಬಿಗೆ ಒತ್ತಿಕೊಂಡೇ ಹರಿಯುತ್ತದೆ. ಗಾಯದ ಬಾವು ಒಳಗಿನಿಂದ ಏರುವಾಗ ಹೊರಗಿನಿಂದ ಬಿದಿರಿನ ದಬ್ಬೆ, ಬಿಗಿದ ಬಟ್ಟೆ ಅಮುಕಿದರೆ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಕೆಲವೇ ತಾಸುಗಳಲ್ಲಿ ಸ್ನಾಯು ಸತ್ತು, ಒಣಗಿದ ತೊಗಲಿನಂತೆ ಸೆಟೆದು ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಜರ್ಮನಿಯ ವೈದ್ಯ ಫೋಕ್‌ಮನ್ ಬಿಗಿಕಟ್ಟಿನ ಈ ಅನಾಹುತವನ್ನು 1881ರಲ್ಲೇ ವಿವರಿಸಿದ್ದರು. ನೀವು ಬರೆದದ್ದು ಅದನ್ನೇ ಹೋಲುತ್ತದೆ. ಕೈ ಶಸ್ತ್ರಚಿಕಿತ್ಸಕರಿರುವ ದೊಡ್ಡ ಆಸ್ಪತ್ರೆಗೆ ಈ ವಾರವೇ ಕರೆದೊಯ್ಯಿರಿ. ವ್ಯಾಯಾಮ, ಆಸರೆ, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಕೈಯನ್ನು ಸಾಕಷ್ಟು ಮರಳಿ ಪಡೆಯಬಹುದು. ತಡಮಾಡಿದಷ್ಟು ಅದು ಕಡಿಮೆಯಾಗುತ್ತದೆ.

ಕಟ್ಟು ನಾಟಿ ವೈದ್ಯರದಾಗಲಿ, ನನ್ನದೇ ಪ್ಲಾಸ್ಟರ್ ಆಗಲಿ, ಕಟ್ಟಿದ ರಾತ್ರಿ ಮನೆಯವರು ಒಂದು ಪರೀಕ್ಷೆ ಮಾಡಲೇಬೇಕು. ಮಗುವಿನ ಬೆರಳುಗಳನ್ನು ಮೆಲ್ಲಗೆ ನೇರ ಮಾಡಿ. ಮಗು ಚೀರಿಕೊಂಡರೆ, ಬೆರಳು ತಣ್ಣಗಿದ್ದರೆ, ಮಾತ್ರೆಗೂ ನೋವು ಬಗ್ಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕಟ್ಟನ್ನು ಕತ್ತರಿಸಿ ಸಡಿಲಿಸಿಯೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಕಾಲಿಗೆ ರಾಡು ಹಾಕಿ ನಾಲ್ಕು ತಿಂಗಳಾಯಿತು, ಎಲುಬು ಕೂಡಿಲ್ಲ. ಅಲ್ಟ್ರಾಸೌಂಡ್ ಕಿರಣ ಬಿಡುವ ಯಂತ್ರ ಬಾಡಿಗೆಗೆ ಸಿಗುತ್ತದಂತೆ. ತರಲೇ? ನಾನು ತಂಬಾಕು ತಿನ್ನುತ್ತೇನೆ, ಬೀಡಿಯೂ ಇದೆ. (ನಿಪ್ಪಾಣಿ)

ಉತ್ತರ: ಯಂತ್ರ ಬೇಡ. ಮೊಣಕಾಲ ಕೆಳಗಿನ ಎಲುಬು ಮುರಿದು ರಾಡು ಹಾಕಿಸಿಕೊಂಡ 501 ಜನರಲ್ಲಿ ಅದನ್ನು ಪರೀಕ್ಷಿಸಿದ್ದಾರೆ. ನಿಜವಾದ ಯಂತ್ರ ಬಳಸಿದವರಿಗೂ, ಅದರಂತೆಯೇ ಕಾಣುವ ಖಾಲಿ ಯಂತ್ರ ಬಳಸಿದವರಿಗೂ ಎಲುಬು ಕೂಡುವುದರಲ್ಲಿ ವ್ಯತ್ಯಾಸವಿರಲಿಲ್ಲ ಎಂದು 2016ರಲ್ಲಿ ಗೊತ್ತಾಯಿತು.

ತಂಬಾಕು ಬೆಳೆಯುವ ಊರಿನವರಿಗೆ ಈ ಮಾತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಎಲುಬು ಕೂಡುವ ಜಾಗಕ್ಕೆ ಹೊಸ ರಕ್ತನಾಳಗಳು ಬೆಳೆದು ಬರಬೇಕು. ನಿಕೋಟಿನ್ ಅವನ್ನು ಸಂಕುಚಿತಗೊಳಿಸುತ್ತದೆ. ಸೇದುವವರ ಎಲುಬು ತಡವಾಗಿ ಕೂಡುತ್ತದೆ, ಕೂಡದೇ ಉಳಿಯುವುದೂ ಹೆಚ್ಚು. ಬಾಯಲ್ಲಿಟ್ಟುಕೊಂಡ ತಂಬಾಕಿನಿಂದಲೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಇವತ್ತೇ ಎರಡನ್ನೂ ನಿಲ್ಲಿಸಿ. ಹಾಲು, ಮೊಸರು, ಬೇಳೆ, ಮೊಟ್ಟೆ, ಎಳ್ಳಿನ ಚಟ್ನಿ ಊಟದಲ್ಲಿರಲಿ. ಸಕ್ಕರೆ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮೊದಲ ದಿನದಿಂದ ಇಲ್ಲಿಯವರೆಗಿನ ಎಲ್ಲ ಎಕ್ಸ್‌ರೇಗಳನ್ನು ತೆಗೆದುಕೊಂಡು ನಿಮ್ಮ ಡಾಕ್ಟರರ ಬಳಿ ಹೋಗಿ. ಎರಡು ತಿಂಗಳ ಹಿಂದಿನದನ್ನು ಈಗಿನದರ ಪಕ್ಕದಲ್ಲಿಟ್ಟು, ಮುರಿದ ಜಾಗದಲ್ಲಿ ಹೊಸ ಎಲುಬಿನ ಬಿಳಿ ಮೋಡ ಹೆಚ್ಚಿದೆಯೇ ಎಂದು ತೋರಿಸಿ ಹೇಳಲು ಕೇಳಿ. ಹೆಚ್ಚುತ್ತಿದ್ದರೆ ಕಾಯಬಹುದು. ಅಲ್ಲೇ ನಿಂತಿದ್ದರೆ ರಾಡು ಬದಲಿಸುವುದು ಅಥವಾ ಸೊಂಟದಿಂದ ಎಲುಬಿನ ಚೂರು ತಂದು ಇಡುವುದು, ಇವೆರಡರಲ್ಲಿ ಯಾವುದು ನಿಮಗೆ ಸರಿ ಎಂಬ ಮಾತು ಅಲ್ಲಿಂದ ಶುರುವಾಗಲಿ.