ಬವೇರಿಯಾದಲ್ಲಿದ್ದೂ ಬವೇರಿಯನ್ ಅಲ್ಲವೇ?

ಪ್ರಶ್ನೆ: ಮಗಳು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಓದುತ್ತಿದ್ದಾಳೆ. ಊರು ಬವೇರಿಯಾ ರಾಜ್ಯದಲ್ಲೇ ಇದೆ. ಆದರೂ ಮನೆ ಓನರಮ್ಮನನ್ನು ‘ನೀವು ಬವೇರಿಯನ್ ಅಲ್ವಾ?’ ಎಂದು ಕೇಳಿದ್ದಕ್ಕೆ ಆಕೆ ಮುಖ ಗಂಟಿಕ್ಕಿದರಂತೆ. ಯಾಕೆ ಸಾರ್? ಇಲ್ಲಿನ ಬೇಕರಿಯಲ್ಲೂ ‘ಬವೇರಿಯನ್ ಕ್ರೀಮ್’ ಎಂದು ಬರೆದಿದ್ದಾರೆ. ಅದೇನು?
– ಓದುಗರೊಬ್ಬರು, ಮಂಡ್ಯ

ಉತ್ತರ: ಮಗಳನ್ನು ಬಯ್ಯಬೇಡಿ ತಾಯಿ. ಕಂಪನಿ ತರಬೇತಿಗೆಂದು ಆರು ತಿಂಗಳು ನ್ಯೂರೆಂಬರ್ಗ್‌ನಲ್ಲಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ಬವೇರಿಯಾದ ರಾಜಧಾನಿ ಮ್ಯೂನಿಕ್‌ನಲ್ಲಿ ಕಲಿತು ಬಂದಿದ್ದಂತೆ ಬೇಕರಿಯಲ್ಲಿ ‘ಸೆಮ್ಮೆಲ್’ ಕೊಡಿ ಎಂದೆ. ಬನ್ನಿನಂಥ ಪುಟ್ಟ ಬ್ರೆಡ್ಡು ಅದು. ಅಂಗಡಿಯಾಕೆ ಎರಡನ್ನು ಕವರಿಗೆ ಹಾಕಿ, ಕೈಗೆ ಕೊಡುವ ಮುಂಚೆ ತಡೆದು, ‘ಇಲ್ಲಿ ಇದಕ್ಕೆ ವೆಗ್ಲಾ ಅಂತೀವಿ. ನಾವು ಫ್ರಾಂಕರು’ ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಆದರೆ ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ.

ನ್ಯೂರೆಂಬರ್ಗ್ ಬವೇರಿಯಾಕ್ಕೆ ಸೇರಿದ್ದು 1806ರಲ್ಲಿ. ಅದಕ್ಕೆ ಮುಂಚೆ ಅದು ಸ್ವತಂತ್ರ ನಗರ. ಅದಿರುವುದು ಫ್ರಾಂಕೋನಿಯಾ ಸೀಮೆಯಲ್ಲಿ, ಅಲ್ಲಿನವರೇ ಫ್ರಾಂಕರು. ಎರ್ಲಾಂಗೆನ್ ಕೂಡ ಅದೇ ಸೀಮೆಯದು. ನಮ್ಮಲ್ಲೇ ನೋಡಿ: 1956ರಿಂದ 1973ರವರೆಗೆ ಧಾರವಾಡದವರೂ ಕಾಗದದ ಮೇಲೆ ಮೈಸೂರು ರಾಜ್ಯದವರೇ. ಹಾಗೆಂದು ‘ಬರ್ತೇನ್ರಿ’ ಅನ್ನುವವರನ್ನು ‘ನೀವು ಮೈಸೂರಿನವರಾ?’ ಎಂದರೆ ಒಪ್ಪುತ್ತಿದ್ದರೇ? ರಾಜ್ಯದ ಹೆಸರೇ ಬೇರೆ, ಜನ ತಮ್ಮನ್ನು ಕರೆದುಕೊಳ್ಳುವ ಹೆಸರೇ ಬೇರೆ.

ಇನ್ನೊಂದು ತೊಡಕಿದೆ. ಬವೇರಿಯನ್ ಎಂಬುದು ಒಂದು ಮಾತಿನ ಹೆಸರೂ ಹೌದು. ರಾಜ್ಯದ ದಕ್ಷಿಣ ಮತ್ತು ಪೂರ್ವ ಭಾಗದಲ್ಲಿ ಅದನ್ನಾಡುತ್ತಾರೆ, ಗಡಿ ದಾಟಿ ಆಸ್ಟ್ರಿಯಾದ ಬಹುಭಾಗದಲ್ಲೂ ಆಡುತ್ತಾರೆ. ಜರ್ಮನ್ನರು ಬರೆವಾಗ ಇವೆರಡನ್ನೂ ಬೇರೆಯಾಗಿಡುತ್ತಾರೆ: ಮಾತಿನ ಹೆಸರಲ್ಲಿ ‘ಐ’ ಅಕ್ಷರ, ರಾಜ್ಯದ ಹೆಸರಲ್ಲಿ ‘ವೈ’. ಗ್ರೀಕ್ ಮೂಲದ ಈ ‘ವೈ’ ಬಂದದ್ದು 1825ರಲ್ಲಿ, ಗ್ರೀಸ್ ಎಂದರೆ ಪ್ರಾಣ ಬಿಡುತ್ತಿದ್ದ ದೊರೆ ಒಂದನೇ ಲುಡ್ವಿಗ್‌ನ ಅಪ್ಪಣೆಯಿಂದ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಬವೇರಿಯನ್’.

ಬಿಎಂಡಬ್ಲ್ಯು ಕಾರಿನ ಮೊದಲ ‘ಬಿ’ ಕೂಡ ಇದೇ. ‘ಬವೇರಿಯಾದ ಮೋಟಾರು ಕಾರ್ಖಾನೆ’ ಎಂದು ಅದರ ಅರ್ಥ. ಲಾಂಛನದ ನೀಲಿ-ಬಿಳಿ ಆ ರಾಜ್ಯದ ಬಣ್ಣ.

ಕ್ರೀಮಿನ ವಿಷಯಕ್ಕೆ ಬಂದರೆ, ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಕಾಯಿಸಿ, ಜೆಲಟಿನ್ ಹಾಕಿ, ನೊರೆಗಡೆದ ಕೆನೆ ಬೆರೆಸಿ ತಣ್ಣಗೆ ಗಟ್ಟಿಯಾಗಿಸುವ ಸಿಹಿ ಅದು. ಹೆಸರು ಬವೇರಿಯಾದ್ದಾದರೂ ಪಳಗಿದ್ದು ಫ್ರೆಂಚರ ಅಡುಗೆಮನೆಯಲ್ಲಿ. ಡೋನಟ್ಟಿನೊಳಗೆ ಆ ಹೆಸರಲ್ಲಿ ತುಂಬುವುದು ಸಾಮಾನ್ಯವಾಗಿ ಬರೀ ಗಟ್ಟಿ ಕಸ್ಟರ್ಡ್. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ನಿಮ್ಮ ಮನೆಯಲ್ಲಿ ತಿನ್ನುವುದಿಲ್ಲವಾದರೆ ಕೇಳಿಯೇ ಕೊಳ್ಳಿ.

ಮಗಳಿಗೆ ಹೇಳಿ: ಆ ಓನರಮ್ಮನನ್ನು ‘ನೀವು ಫ್ರಾಂಕರಾ?’ ಎಂದು ಇನ್ನೊಮ್ಮೆ ಕೇಳಲಿ. ಬೇಕರಿಗೆ ಹೋದಾಗ ‘ವೆಗ್ಲಾ’ ಅನ್ನಲಿ.