ಅವೆಂಜರ್ಸ್ ಸಿನಿಮಾ ನೋಡಿ ಒಬ್ಬರು ಶಿಳ್ಳೆ ಹೊಡೆದರೆ, ಕಾಮಿಕ್ಸ್ ಓದಿದವರು ಮುಖ ಸಿಂಡರಿಸುವುದು ಯಾಕೆ?

ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಗೆಳೆಯರು ಮಾಡುವ ಈ ವಾದಕ್ಕೆ ಮೂಲ ಕಾರಣ ಒಂದೇ: ಅವೆಂಜರ್ಸ್ ಎಂಬ ಸೂಪರ್‌ಹೀರೋಗಳ ಗುಂಪಿನಲ್ಲಿ ಪುಸ್ತಕದ ತಂಡವೇ ಬೇರೆ, ಪರದೆಯ ತಂಡವೇ ಬೇರೆ. 1963ರ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಒಂದಾದವರು ಐರನ್ ಮ್ಯಾನ್, ಥಾರ್, ಹಲ್ಕ್, ಆಂಟ್‌ಮ್ಯಾನ್, ವಾಸ್ಪ್. ಕ್ಯಾಪ್ಟನ್ ಅಮೆರಿಕ ಸೇರಿದ್ದು ನಾಲ್ಕನೇ ಸಂಚಿಕೆಯಲ್ಲಿ. 2012ರ ಮೊದಲ ಅವೆಂಜರ್ಸ್ ಸಿನಿಮಾದಲ್ಲಿ ಆಂಟ್‌ಮ್ಯಾನ್, ವಾಸ್ಪ್ ಇಬ್ಬರೂ ಇಲ್ಲ.

ಅದೇ ಸಿನಿಮಾದ ಕೊನೆಯಲ್ಲಿ ಬರುವ ಒಂದು ದೃಶ್ಯ ಗಮನಿಸಿ. ಹೆಸರುಗಳು ಅರ್ಧ ಓಡಿದ ಮೇಲೆ ಬರುತ್ತದೆ; ಬೈಕ್ ತೆಗೆಯುವ ಅವಸರದಲ್ಲಿ ಎದ್ದವರಿಗೆ ತಪ್ಪಿಹೋಗುತ್ತದೆ. ಈ ವೀರರನ್ನು ಎದುರಿಸುವುದೆಂದರೆ ಸಾವನ್ನು ಒಲಿಸಿಕೊಳ್ಳುವುದು ಎಂಬರ್ಥದ ಮಾತು ಕೇಳಿ ಖಳ ಥಾನೋಸ್ ತಿರುಗಿ ನಗುತ್ತಾನೆ. ಹೊಸಬರಿಗೆ ಅವನು ಯಾರೋ ನೇರಳೆ ಮುಖದವನು. ಓದಿದವರಿಗೆ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ಕಾಮಿಕ್ಸ್‌ನಲ್ಲಿ ಥಾನೋಸ್ ನಿಜಕ್ಕೂ ಸಾವೆಂಬ ಹೆಣ್ಣನ್ನು ಪ್ರೀತಿಸುವವನು. 1991ರ ಕಥೆಯಲ್ಲಿ ಚಿಟಿಕೆ ಹೊಡೆದು ಅರ್ಧ ಜೀವಕೋಟಿ ಅಳಿಸುವುದು ಅವಳ ಮೆಚ್ಚುಗೆಗಾಗಿ. 2018ರ ಅವೆಂಜರ್ಸ್ ಸಿನಿಮಾದಲ್ಲಿ ಆ ಪ್ರೀತಿಯೇ ಇಲ್ಲ. ಸಂಪನ್ಮೂಲ ಸಾಲದೆಂಬ ಲೆಕ್ಕಾಚಾರ ಬಂತು. ಆರು ವರ್ಷ ಕಾದವರಿಗೆ ನೋವಾದದ್ದು ಇಲ್ಲಿ, ಮತ್ತು ಅದು ನ್ಯಾಯವಾದ ನೋವು. ಆದರೂ ಹೊಸ ಕಾರಣ ಸಾಮಾನ್ಯ ಪ್ರೇಕ್ಷಕನಿಗೆ ತಕ್ಷಣ ಅರ್ಥವಾಗುತ್ತದೆ, ಖಳನ ಜತೆ ವಾದಕ್ಕಿಳಿಯುವಂತೆಯೂ ಮಾಡುತ್ತದೆ.

ಹೊಸ ಗೆಳೆಯರನ್ನು 2012ರ ಅವೆಂಜರ್ಸ್ ನೋಡಲು ಕೂರಿಸುವ ಮೊದಲು 2008ರ ಐರನ್ ಮ್ಯಾನ್, 2011ರ ಥಾರ್ ಮತ್ತು ಕ್ಯಾಪ್ಟನ್ ಅಮೆರಿಕ, ಈ ಮೂರನ್ನಾದರೂ ತೋರಿಸಿ. ಥಾರ್ ಸಿನಿಮಾ ನೋಡದೆ ಬಿಟ್ಟರೆ, ಅವೆಂಜರ್ಸ್‌ನ ಖಳನೂ ಥಾರ್‌ನ ತಮ್ಮನೂ ಆದ ಲೋಕಿಯ ಸಿಟ್ಟಿಗೆ ಕಾರಣವೇ ಸಿಗುವುದಿಲ್ಲ.